ಘಾಟಿ ಇಳಿಯುವ ಗೇರು

ಬೇರೆಯವರ ಲಾರಿ ಓಡಿಸಿಕೊಂಡಿದ್ದ ಒಂಬತ್ತು ವರ್ಷ ನಾನು ಡೀಸೆಲ್ಲಿನ ಬಗ್ಗೆ ಒಂದು ದಿನವೂ ಯೋಚಿಸಿದವನಲ್ಲ. ಬಂಗಾರಪೇಟೆಯ ಒಂದು ಅಕ್ಕಿ ಮಿಲ್ಲಿನ ಸಾಹುಕಾರರ ಗಾಡಿ ಅದು. ಬಂಕಿನಲ್ಲಿ ಅವರ ಹೆಸರು ಹೇಳಿದರೆ ಸಾಕು, ಟ್ಯಾಂಕು ತುಂಬಿಸಿ ಕಳಿಸುತ್ತಿದ್ದರು. ಟೈರು ಸವೆದರೆ ಸಾಹುಕಾರರು ಬೈಯುತ್ತಲೇ ಹೊಸದು ಹಾಕಿಸುತ್ತಿದ್ದರು, ನಾನು ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಾ ಕೂತಿರುತ್ತಿದ್ದೆ. ಗಾಡಿಯನ್ನು ಹೇಗೆ ಓಡಿಸುತ್ತೀಯ ಎಂದು ಯಾರೂ ಕೇಳಿರಲಿಲ್ಲ. ಎಷ್ಟು ಹೊತ್ತಿಗೆ ತಲುಪಿಸುತ್ತೀಯ ಎಂದಷ್ಟೇ ಕೇಳುತ್ತಿದ್ದರು.

ವಯಸ್ಸಾಗಿ ಮಿಲ್ಲು ಮುಚ್ಚುವಾಗ ಸಾಹುಕಾರರು ಆ ಆರು ಚಕ್ರದ ಹಳೆಯ ಲಾರಿಯನ್ನು ಹೊರಗಿನವರಿಗೆ ಮಾರಲಿಲ್ಲ. ನನ್ನನ್ನೇ ಕರೆದು, "ಇದರ ನಾಡಿ ನಿಂಗೇ ಗೊತ್ತಿರೋದು, ನೀನೇ ಇಟ್ಕಳಪ್ಪಾ" ಅಂದರು. ನನ್ನ ಪಾಲಿಗೆ ಬಂದಿದ್ದ ಕೆರೆ ಕೆಳಗಿನ ತುಂಡು ಜಮೀನನ್ನು ತಮ್ಮನಿಗೆ ಬಿಟ್ಟುಕೊಟ್ಟು ಲಾರಿ ತಂದೆ. ನಮ್ಮೂರು ಬಂಗಾರಪೇಟೆಯಿಂದ ಕೆಜಿಎಫ್ ಕಡೆ ಹೋಗುವ ದಾರಿಯಲ್ಲಿದೆ. ಮನೆ ಮುಂದೆ ದನದ ಕೊಟ್ಟಿಗೆ, ಅದರ ಪಕ್ಕ ರಾಗಿ ಬಡಿಯುವ ಕಣ. ಆ ಕಣದಲ್ಲಿ ಲಾರಿ ನಿಲ್ಲಿಸಿದ ದಿನ ಊರಿನವರೆಲ್ಲ ಬಂದು ಸುತ್ತು ಹಾಕಿ ನೋಡಿದರು. ನನ್ನ ಹೆಂಡತಿ ಮಾತ್ರ ಹತ್ತಿರ ಬರದೆ, ಹಾಲು ಕರೆದ ಬಕೆಟ್ಟು ಹಿಡಿದು ದೂರದಿಂದಲೇ ಕೇಳಿದಳು: "ನಮ್ ಅಸಾ ಆದ್ರೆ ತಿಂದಷ್ಟು ಆಲು ಕೊಡ್ತೈತೆ. ಇದು ಎಷ್ಟು ಕುಡುದ್ರೆ ಎಷ್ಟು ಓಡ್ತೈತೆ?"

ಒಂಬತ್ತು ವರ್ಷ ಓಡಿಸಿದ ಗಾಡಿ ಲೀಟರಿಗೆ ಎಷ್ಟು ಕೊಡುತ್ತದೆ ಎನ್ನುವುದೇ ಗೊತ್ತಿರಲಿಲ್ಲ.

ಮೊದಲ ಎರಡು ತಿಂಗಳಲ್ಲಿ ಗೊತ್ತಾಯಿತು. ಬಾಡಿಗೆಯಲ್ಲಿ ಅರ್ಧಕ್ಕೂ ಹೆಚ್ಚು ಡೀಸೆಲ್ಲಿಗೇ ಹೋಗುತ್ತಿತ್ತು. ಉಳಿದದ್ದರಲ್ಲಿ ಸಂಸಾರ ನಡೆಸಿ ಟೈರಿಗೆಂದು ಎತ್ತಿಡಲು ಏನೂ ಸಿಗುತ್ತಿರಲಿಲ್ಲ. ಆಗ ನನಗೆ ಉಳಿತಾಯದ ಹುಚ್ಚು ಹಿಡಿಯಿತು. ನಿಲ್ದಾಣದಲ್ಲಿ ಬೇರೆ ಡ್ರೈವರುಗಳು ಹೇಳುತ್ತಿದ್ದ ಎಲ್ಲ ಉಪಾಯಗಳನ್ನೂ ಮಾಡಿದೆ. ಅದರಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ: ಇಳಿಜಾರು ಬಂದರೆ ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕು, ಗಾಡಿ ತಾನಾಗಿ ಉರುಳುತ್ತದೆ, ಡೀಸೆಲ್ ಉಳಿಯುತ್ತದೆ. ನನಗೂ ಅದು ಸರಿ ಎನ್ನಿಸಿತ್ತು. ಬಿಟ್ಟಿಯಾಗಿ ಸಿಕ್ಕಿದ ಇಳಿಜಾರಿನಲ್ಲಿ ಎಂಜಿನ್ನನ್ನು ಯಾಕೆ ದುಡಿಸಬೇಕು?

ಆ ದಿನಗಳಲ್ಲಿ ನನ್ನ ಮುಖ್ಯ ದಾರಿ ಕೆಜಿಎಫ್‌ನಿಂದ ವೀಕೋಟೆ ದಾಟಿ, ಪೇರ್ನಾಂಬಟ್ಟು ಘಾಟಿ ಇಳಿದು ತಮಿಳುನಾಡಿನ ಗುಡಿಯಾತ್ತಂ, ವೆಲ್ಲೂರು ಕಡೆಗೆ. ಹೋಗುವಾಗ ಟೊಮ್ಯಾಟೊ ಕ್ರೇಟುಗಳು, ಇಲ್ಲವೇ ಮಿಲ್ಲುಗಳ ತೌಡು. ಬರುವಾಗ ಸಿಕ್ಕರೆ ಏನಾದರೂ, ಸಿಗದಿದ್ದರೆ ಖಾಲಿ. ಹಾಗೆ ಹೋಗುತ್ತಿದ್ದ ಒಂದು ಬೆಳಿಗ್ಗೆ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಹತ್ತಿರ ಒಬ್ಬ ಮುದುಕರು ಕೈ ತೋರಿಸಿದರು. ಬಿಳಿ ಅಂಗಿ, ಮಡಿಸಿ ಕಟ್ಟಿದ ಲುಂಗಿ, ಕೈಯಲ್ಲಿ ಒಂದು ವೈರು ಬುಟ್ಟಿ. ಗುಡಿಯಾತ್ತಂನಲ್ಲಿ ಮಗಳ ಮನೆಗೆ ಹೋಗಬೇಕು, ಬಸ್ಸಿನಲ್ಲಿ ಮಂಡಿ ಮಡಿಸಿ ಕೂರಲು ಆಗುವುದಿಲ್ಲ, ಲಾರಿಯಲ್ಲಾದರೆ ಕಾಲು ಚಾಚಬಹುದು ಎಂದರು. ಹತ್ತಿಸಿಕೊಂಡೆ. ನಾನು ಅವರನ್ನು ತಾತ ಎಂದು ಕರೆದೆ, ಅವರು ನನ್ನನ್ನು ತಂಬಿ, ಅಂದರೆ ತಮ್ಮ, ಎಂದರು. ಕೊನೆಯವರೆಗೂ ಹಾಗೆಯೇ ಕರೆದುಕೊಂಡೆವು.

ಅವರ ಮನೆಮಾತು ತಮಿಳು. ಆದರೆ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು, ನಡುನಡುವೆ ತೆಲುಗೂ ಬರುತ್ತಿತ್ತು. ನಮ್ಮ ಕಡೆ ಅದೇನು ವಿಶೇಷವಲ್ಲ. ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದೆ ಎಂದು ಹೇಳಿದರು. ಕಂಪನಿ ಕಟ್ಟಿಸಿದ್ದ ಆ ಲೈನು ಮನೆಗಳಲ್ಲಿ ಇದ್ದವರೆಲ್ಲ ಗಣಿಯಲ್ಲಿ ಕೆಲಸ ಮಾಡಿದವರೇ, ಹಾಗಾಗಿ ನಾನು ಹೆಚ್ಚು ಕೇಳಲಿಲ್ಲ.

ಘಾಟಿ ಶುರುವಾಯಿತು. ಹಿಂದೆ ಪೂರ್ತಿ ಲೋಡು ತೌಡಿನ ಮೂಟೆ. ನಾನು ಎಂದಿನಂತೆ ಗೇರು ತೆಗೆದೆ. ಎಂಜಿನ್ನಿನ ಸದ್ದು ಇಳಿದು ಗಾಳಿಯ ಸದ್ದು ಕೇಳತೊಡಗಿತು. ತಾತ ಒಮ್ಮೆ ಗೇರಿನ ಕೋಲನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ತಂಬಿ, ಈಗ ಗಾಡಿ ಯಾರ ಕೈಲಿ ಐತೆ?"

"ನನ್ ಕೈಲೇ ತಾತ, ಇನ್ಯಾರ ಕೈಲಿ ಇರ್ತೈತೆ?"

"ಇಲ್ಲ. ಗೇರ್ ಇಲ್ಲ ಅಂದ್ಮೇಲೆ ನಿನ್ ಕೈಲಿಲ್ಲ."

"ಇಳಿಜಾರಿಗೆ ಡೀಸಲ್ ಯಾಕ್ ಸುಡ್ಬೇಕು ಅಂತ..."

"ನಿಲ್ಸು. ನಾನ್ ಇಳೀತೀನಿ."

ತಮಾಷೆ ಎಂದುಕೊಂಡೆ. ಆದರೆ ಅವರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹಿಡಿಗೆ ಕೈ ಹಾಕಿಯಾಗಿತ್ತು. ಬ್ರೇಕು ಒತ್ತಿ ನಿಲ್ಲಿಸಿದೆ. "ಮಂಡಿ ನೋವು ಅಂತೀರ, ಎಂಗ್ ನಡೀತೀರ?" ಅಂದೆ. "ನಿಧಾನಕ್ಕೆ ನಡ್ಕಂಡು ಬತ್ತೀನಿ, ನೀನ್ ಓಗು" ಅಂದರು. ಕೋಪದ ದನಿ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆಣಕಿತು. ಹೋಗುವವರು ಹೋಗಲಿ ಎಂದು ಗಾಡಿ ಬಿಟ್ಟೆ, ಮತ್ತೆ ನ್ಯೂಟ್ರಲ್ಲಿನಲ್ಲೇ.

ಮೂರನೆಯ ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಬ್ರೇಕು ಒತ್ತಿದರೆ ಮೊದಲು ಹಿಡಿಯುತ್ತಿದ್ದ ಜಾಗದಲ್ಲಿ ಹಿಡಿಯಲಿಲ್ಲ. ಇನ್ನೂ ಒತ್ತಿದೆ. ಲಾರಿ ನಿಧಾನವಾಗುವ ಬದಲು ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಗೇರು ಹಾಕಲು ನೋಡಿದೆ, ಆ ವೇಗದಲ್ಲಿ ಅದು ಕೂರಲಿಲ್ಲ, ಕರಕರ ಎಂದು ಕಿರುಚಿತು. ಎಡಗಡೆ ಬೆಟ್ಟ, ಬಲಗಡೆ ಗಿಡ್ಡ ಕಲ್ಲುಗೋಡೆ, ಅದರಾಚೆ ಏನೂ ಇಲ್ಲ. ಎದುರಿಗೆ ಯಾರೂ ಬರುತ್ತಿರಲಿಲ್ಲ. ನಾನು ಉಳಿದದ್ದು ಅದರಿಂದಲೇ. ಲಾರಿಯನ್ನು ಬೆಟ್ಟದ ಕಡೆಗೆ ಒತ್ತಿದೆ. ಮಣ್ಣಿನ ದಿಣ್ಣೆಗೆ ಉಜ್ಜುತ್ತಾ, ಕಲ್ಲು ಕಿತ್ತುಕೊಂಡು, ಒಂದು ಕಡೆ ವಾಲಿ ನಿಂತಿತು. ಕೆಳಗಿಳಿದು ಹಿಂದಕ್ಕೆ ಹೋದೆ. ಹಿಂದಿನ ಎಡ ಜೋಡಿಯ ಒಳಗಿನ ಟೈರು ಹೊಗೆಯಾಡುತ್ತಿತ್ತು. ನೋಡುತ್ತಿದ್ದಂತೆಯೇ ಢಬ್ ಎಂದು ಒಡೆಯಿತು. ಹೊರಗಿನದೂ ಬದಿಯಲ್ಲಿ ಸೀಳಿತ್ತು.

ಎರಡೂ ಕೈಯಲ್ಲಿ ಮಣ್ಣು ಬಾಚಿ ಬಾಚಿ ಎರಚಿದೆ. ಹೊಗೆ ನಿಂತ ಮೇಲೆ ಮೋರಿಕಟ್ಟೆಯ ಮೇಲೆ ಕೂತೆ. ಸುಮಾರು ಅರ್ಧ ಗಂಟೆಗೆ ತಾತ ತಿರುವಿನಲ್ಲಿ ಕಾಣಿಸಿಕೊಂಡರು. ಒಂದೊಂದೇ ಹೆಜ್ಜೆ ಇಡುತ್ತಾ, ಬುಟ್ಟಿಯನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತಾ ಬಂದರು. ನಾನು ಹೇಳಿದೆನಲ್ಲ ಎನ್ನುತ್ತಾರೆ ಎಂದು ಕಾದೆ. ಅವರು ಟೈರು ನೋಡಿದರು, ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿದರು, ಆಮೇಲೆ ನನ್ನ ಪಕ್ಕ ಕೂತು ಬುಟ್ಟಿಯಿಂದ ಮಗಳಿಗೆಂದು ಕಟ್ಟಿಕೊಂಡಿದ್ದ ಚಕ್ಕುಲಿಯಂಥ ಮುರುಕಿನ ಪೊಟ್ಟಣ ಬಿಚ್ಚಿದರು.

"ತಿನ್ನು. ಡ್ರಮ್ಮು ಇನ್ನೂ ಬಿಸಿ ಐತೆ, ಈಗ್ಲೇ ಜಾಕಿ ಆಕ್ಬೇಡ."

ನಾವು ಆ ಮುರುಕು ತಿನ್ನುತ್ತಿದ್ದಾಗಲೇ ಅವರು ಗಣಿಯಲ್ಲಿ ಏನು ಕೆಲಸ ಮಾಡುತ್ತಿದ್ದರು ಎನ್ನುವುದು ನನಗೆ ತಿಳಿದದ್ದು. ಅವರು ವೈಂಡಿಂಗ್ ಎಂಜಿನ್ ಡ್ರೈವರು. ಗಣಿಯೊಳಗೆ ನೆಟ್ಟಗೆ ಇಳಿಯುವ ಶಾಫ್ಟಿನ ಬಾಯಿಯಿಂದ ಸ್ವಲ್ಪ ದೂರದಲ್ಲಿ ಒಂದು ದೊಡ್ಡ ಮನೆ, ಅದರೊಳಗೆ ಆಳೆತ್ತರಕ್ಕೂ ಮೀರಿದ ಉಕ್ಕಿನ ಉರುಳೆ, ಅದಕ್ಕೆ ಸುತ್ತಿದ ಹಗ್ಗ. ಆ ಹಗ್ಗದ ತುದಿಯಲ್ಲಿ ಕೇಜು. ಆಳುಗಳು ಅದರಲ್ಲಿ ನಿಂತು ಭೂಮಿಯೊಳಗೆ ಇಳಿಯುತ್ತಿದ್ದರು. ಇವರು ಮೇಲೆ ಕೂತು ಅವರನ್ನು ಇಳಿಸಬೇಕು, ಏರಿಸಬೇಕು. ಕೇಜು ಇವರ ಕಣ್ಣಿಗೆ ಕಾಣುತ್ತಿರಲಿಲ್ಲ. ಎದುರಿಗಿದ್ದ ದೊಡ್ಡ ಮುಳ್ಳು ಈಗ ಎಷ್ಟು ಆಳದಲ್ಲಿದೆ ಎಂದು ತೋರಿಸುತ್ತಿತ್ತು. ಕೆಳಗಿನಿಂದ ಗಂಟೆ ಬರುತ್ತಿತ್ತು. ಮೂರು ಸಲ ಗಂಟೆ ಹೊಡೆದರೆ ಕೇಜಿನ ಒಳಗೆ ಮನುಷ್ಯರಿದ್ದಾರೆ ಎಂದು ಅರ್ಥ.

"ಏರ್ಸೋದು ಸುಲಭ ತಂಬಿ, ಅದಕ್ಕೆ ಎಂಜಿನ್ ಐತೆ. ಇಳ್ಸೋದೇ ಕೆಲ್ಸ. ಭಾರ ಕೆಳಗ್ ಓಗೋವಾಗ ಬಿಟ್ಬುಟ್ರೆ ಮುಗೀತು. ನಾನ್ ಒಂದ್ ದಿನಾನೂ ಆ ಉರುಳೇನ ಸುಮ್ನೆ ಉರುಳಾಕೆ ಬಿಟ್ಟೋನಲ್ಲ."

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ನ್ಯೂಟ್ರಲ್ಲಿನಲ್ಲಿ ಎಂಜಿನ್ ತನ್ನ ಜೀವ ಉಳಿಸಿಕೊಳ್ಳಲು ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರಬೇಕು. ಅದೇ ಗೇರಿನಲ್ಲಿದ್ದು ಕಾಲು ಎತ್ತಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪಂಪು ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ನಾನು ನಂಬಲಿಲ್ಲ. ಮರುವಾರ ಬಂಗಾರಪೇಟೆಯಲ್ಲಿ ಡೀಸೆಲ್ ಪಂಪು ರಿಪೇರಿ ಮಾಡುವವರನ್ನು ಕೇಳಿದೆ. ಅವರೂ ಅದನ್ನೇ ಹೇಳಿ, "ಇಷ್ಟ್ ವರ್ಷ ಗಾಡಿ ಓಡ್ಸಿ ಇದೂ ಗೊತ್ತಿಲ್ವೇನಯ್ಯ?" ಎಂದು ನಕ್ಕರು. ಉಳಿಸುತ್ತಿದ್ದೇನೆ ಎಂದುಕೊಂಡು ಎರಡು ಟೈರು ಸುಟ್ಟಿದ್ದೆ, ಪ್ರಾಣವನ್ನೂ ಸುಡುವವನಿದ್ದೆ. ನಿಜವಾಗಿ ನೋಡಿದರೆ ಒಂದು ತೊಟ್ಟೂ ಉಳಿದಿರಲಿಲ್ಲ.

ಅಂದಿನಿಂದ ತಾತ ತಿಂಗಳಿಗೆ ಎರಡು ಸಲ ನನ್ನ ಜೊತೆ ಬರತೊಡಗಿದರು. ಮಗಳ ಮನೆಗೆ ಹೋಗುವುದು ನೆಪವೇ ಇರಬೇಕು ಎಂದು ಆಮೇಲೆ ಅನ್ನಿಸಿದೆ. ಗಣಿ ಮುಚ್ಚಿದ ಮೇಲೆ ಅವರ ಕೈಗೆ ಕೆಲಸವಿರಲಿಲ್ಲ. ಹೆಂಡತಿ ತೀರಿಹೋಗಿದ್ದರು. ಲೈನು ಮನೆಯಲ್ಲಿ ಒಬ್ಬರೇ ಅಡಿಗೆ ಮಾಡಿಕೊಂಡು ಇದ್ದರು. ಲಾರಿ ಹತ್ತಿದ ಮೇಲೆ ಅವರ ಮುಖವೇ ಬೇರೆಯಾಗುತ್ತಿತ್ತು. ಕಾಲು ಚಾಚಿ, ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟು ಕೂರುತ್ತಿದ್ದರು. ನಿದ್ದೆ ಹೋಗಿದ್ದಾರೆ ಎಂದುಕೊಳ್ಳುವಷ್ಟರಲ್ಲಿ, "ಕಾಲೆತ್ತು" ಎನ್ನುತ್ತಿದ್ದರು. ಎತ್ತುತ್ತಿದ್ದೆ. ಲಾರಿ ತನ್ನ ಓಟದಲ್ಲೇ ಹೋಗಿ ಸರಿಯಾಗಿ ರಸ್ತೆ ಉಬ್ಬಿನ ಹತ್ತಿರ ನಡಿಗೆಯ ವೇಗಕ್ಕೆ ಬರುತ್ತಿತ್ತು. ಬ್ರೇಕು ಮುಟ್ಟುವ ಅಗತ್ಯವೇ ಇರುತ್ತಿರಲಿಲ್ಲ. ಬೇತಮಂಗಲದಿಂದ ವೀಕೋಟೆವರೆಗೆ ಎಲ್ಲೆಲ್ಲಿ ಕಾಲೆತ್ತಬೇಕು ಎನ್ನುವುದನ್ನು ಅವರು ಮುಚ್ಚಿದ ಕಣ್ಣಿನಲ್ಲೇ ಗುರುತು ಹಾಕಿಕೊಂಡಿದ್ದರು.

"ನಿಲ್ಲೋ ಜಾಗ ಬಂದ್ಮೇಲೆ ನಿಲ್ಸೋದಲ್ಲ ತಂಬಿ. ನೀನ್ ಒತ್ತೋ ಒಂದೊಂದ್ ಬ್ರೇಕೂ ಆಗ್ಲೇ ಸುಟ್ಟಿರೋ ಡೀಸಲ್ಲು" ಎನ್ನುತ್ತಿದ್ದರು.

ಐವತ್ತರ ಹತ್ತಿರಕ್ಕೆ ವೇಗ ಹಿಡಿದು ಅದನ್ನೇ ಕಾಪಾಡಿಕೊಂಡು ಹೋಗುವುದನ್ನು ಕಲಿತೆ. ಹಿಂದಿನ ಬಸ್ಸುಗಳು ಹಾರ್ನ್ ಮಾಡಿದರೂ ಬೆದರದೆ ದಾರಿ ಬಿಟ್ಟುಕೊಡುವುದನ್ನು ಕಲಿತೆ. ಖಾಲಿ ಬರುವಾಗ ಲೋಡಿಗೆ ಹೊದಿಸುವ ಟಾರ್ಪಾಲು ಸಡಿಲವಿದ್ದರೆ ಗಾಳಿ ತುಂಬಿ ದೊಡ್ಡ ಹೊಟ್ಟೆಯಂತೆ ಉಬ್ಬಿ ಲಾರಿಯನ್ನು ಹಿಂದಕ್ಕೆ ಜಗ್ಗುತ್ತದೆ ಎನ್ನುವುದನ್ನು ಅವರು ಕನ್ನಡಿಯಲ್ಲಿ ತೋರಿಸಿದರು. ಅಂದಿನಿಂದ ಅದನ್ನು ಮಡಿಸಿ ಬಿಗಿಯಾಗಿ ಕಟ್ಟುತ್ತಿದ್ದೆ. ಗಾಳಿಯ ಕಾಲದಲ್ಲಿ ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬಗಳ ಬಿಳಿ ಧೂಳು ಕೆಜಿಎಫ್ ಪೂರ್ತಿ ಹಾರುತ್ತದೆ. ಅಲ್ಲಿನ ಹೆಂಗಸರು ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ನೀರಿನ ಬಿಂದಿಗೆ ಮುಚ್ಚಿಡುತ್ತಾರೆ. ಆ ಧೂಳು ಲಾರಿಯ ಏರ್ ಫಿಲ್ಟರಿಗೂ ಹೋಗಿ ಕೂರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಒಂದು ದಿನ ಹೊಗೆ ಕಪ್ಪಗೆ ಬರುವುದನ್ನು ನೋಡಿ ತಾತ, "ಉಸುರು ಕಟ್ಟೈತೆ, ಬಿಚ್ಚು" ಅಂದರು. ಬಿಚ್ಚಿ ಕೊಡವಿದರೆ ಗೋಧಿ ಹಿಟ್ಟಿನಂತೆ ಉದುರಿತು. ಆಮೇಲೆ ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಬಿಚ್ಚಿ ಶುಚಿ ಮಾಡುವುದು ರೂಢಿಯಾಯಿತು.

ಡೀಸೆಲ್ಲಿನ ಪಾಠ ತಾತನದಾದರೆ, ಟೈರಿನದು ನನ್ನ ಹೆಂಡತಿಯದು. ಅದು ಶುರುವಾದದ್ದು ಹೀಗೆ. ಲಾರಿ ಕೊಟ್ಟಿಗೆಯ ಪಕ್ಕವೇ ನಿಲ್ಲುತ್ತಿತ್ತು. ಬೆಳಿಗ್ಗೆ ಹಾಲು ಕರೆಯಲು ಎದ್ದವಳು ದಾರಿಯಲ್ಲಿ ಕೈಯಲ್ಲಿದ್ದ ಕೋಲಿನಿಂದ ಟೈರುಗಳನ್ನು ತಟ್ಟಿಕೊಂಡು ಹೋಗುತ್ತಿದ್ದಳು. ಏನೋ ಆಟಕ್ಕೆ ಎಂದುಕೊಂಡಿದ್ದೆ. ಒಂದು ದಿನ ಕೂಗಿದಳು.

"ಇಲ್ ಬನ್ನಿ ಒಸಿ. ಈ ಒಳಗಿಂದ್ರ ಸದ್ದು ಸತ್ತೋಗೈತೆ."

"ಟೈರಿಗೇನ್ ಸದ್ದು? ನೀನ್ ಆಲು ಕರ್ಯೋಗು."

"ನೀವೇ ಕೇಳ್ಕಳಿ. ಇದು ಟಣ್ ಅಂತೈತೆ. ಇದು ದಪ್ ಅಂತೈತೆ. ಒಟ್ಟೆ ಉಬ್ರುಸ್ಕಂಡಿರೋ ಕರೂನ ತಟ್ಟಿದ್ರೂ ಇಂಗೇ ಗೊತ್ತಾಗ್ತೈತೆ."

ಗೇಜು ತಂದು ಹಿಡಿದೆ. ಆ ಒಳ ಟೈರಿನಲ್ಲಿ ಗಾಳಿ ಅರ್ಧವೂ ಇರಲಿಲ್ಲ. ಹಿಂದೆ ಎರಡು ಎರಡಾಗಿ ಕೂತಿರುವ ಜೋಡಿಯಲ್ಲಿ ಒಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊರಗಿನದು ಎರಡರ ಭಾರ ಹೊತ್ತು ಬೇಗ ಸವೆಯುತ್ತದೆ, ಒಳಗಿನದು ಎಳೆದಾಡಿ ಬಿಸಿಯಾಗಿ ಸಾಯುತ್ತದೆ. ಲಾರಿಯೂ ಹೆಚ್ಚು ಕುಡಿಯುತ್ತದೆ. ನಾನು ಮಧ್ಯಾಹ್ನ ದಾರಿಯಲ್ಲಿ ಟೈರು ಬಿಸಿಯಿದ್ದಾಗ ಗಾಳಿ ನೋಡಿಸಿ, ಸರಿಯಿದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಬೆಳಿಗ್ಗೆ ತಣ್ಣಗಿದ್ದಾಗ ನೋಡಿದ್ದೇ ನಿಜವಾದ ಲೆಕ್ಕ ಎಂದು ಆಗ ಅರ್ಥವಾಯಿತು.

ಅಲ್ಲಿಂದ ಅದು ಅವಳ ಕೆಲಸವೇ ಆಗಿಹೋಯಿತು. ಆರು ಟೈರು ತಟ್ಟದೆ ಗಾಡಿ ಹೊರಡುವ ಹಾಗಿಲ್ಲ. ಹಸುವಿನ ಗೊರಸಿಗೆ ಸಿಕ್ಕ ಕಲ್ಲು ತೆಗೆಯುವ ಕಬ್ಬಿಣದ ಕಡ್ಡಿಯಿಂದ ಟೈರಿನ ಗೆರೆಗಳಲ್ಲಿ ಸಿಕ್ಕ ಜಲ್ಲಿಯನ್ನೂ ತೆಗೆಯುತ್ತಿದ್ದಳು. ಆ ಕಲ್ಲುಗಳೇ ದಿನದಿನಕ್ಕೆ ಒಳಗೆ ಕೊರೆದುಕೊಂಡು ಹೋಗುತ್ತವೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ದಿನ ಹಗ್ಗದಿಂದ ಟೈರುಗಳ ಸುತ್ತಳತೆ ತೆಗೆದು, ಒಂದು ಜೋಡಿಯಲ್ಲಿ ಒಂದು ಗಿಡ್ಡ ಒಂದು ಉದ್ದ ಇದೆ ಎಂದು ತೋರಿಸಿದಳು. "ಎತ್ನ ಜೋಡಿ ಮಾಡೋವಾಗ ಎತ್ರ ನೋಡಲ್ವಾ? ಇದಕ್ಕೂ ನೋಡ್ಬೇಕಲ್ವಾ?" ಅಂದಳು. ಅದನ್ನು ಕೆಜಿಎಫ್‌ನ ಊರಿಗಾಂನಲ್ಲಿ ಹಳೆಯ ಟೈರಿಗೆ ಹೊಸ ರಬ್ಬರ್ ಕೂರಿಸುವ ಅಂಗಡಿಯವರಿಗೆ ಹೇಳಿದೆ. ಅವರು ಬಾಯಿಯ ಎಲೆಯಡಿಕೆ ಉಗಿದು ಬಂದು, ಇದು ಹೇಳಿದ್ದು ಯಾವ ಮೆಕ್ಯಾನಿಕ್ಕು ಎಂದು ಕೇಳಿದರು. ಮನೆಯವಳು ಎಂದರೆ ನಂಬಲಿಲ್ಲ.

ಕ್ಯಾಬಿನ್ನಿನ ಮೇಲೂ ಸೀಟಿನ ಕೆಳಗೂ ಸಾಹುಕಾರರ ಕಾಲದಿಂದ ಬಿದ್ದಿದ್ದ ಸಾಮಾನನ್ನು ಇಳಿಸಿದವಳೂ ಅವಳೇ. ಸ್ಪ್ರಿಂಗಿನ ಮುರಿದ ಪಟ್ಟಾಗಳು, ತುಕ್ಕು ಹಿಡಿದ ಸರಪಳಿ, ಎರಡು ದಪ್ಪ ಹಲಗೆ, ಯಾವತ್ತೋ ಚಕ್ರಕ್ಕೆ ಅಡ್ಡ ಇಡಲು ತಂದಿದ್ದ ನಾಲ್ಕು ಸೈಜುಗಲ್ಲು. "ಕಲ್ಲು ಒತ್ಕಂಡು ವೆಲ್ಲೂರ್‌ಗೆ ಓಗಿ, ತಿರ್ಗಾ ಒತ್ಕಂಡ್ ಬತ್ತೀರಲ್ಲ, ಅಲ್ಲೇನ್ ಕಲ್ಲಿಲ್ವಾ?" ಎಂದು ಕೇಳಿದಳು. ಆ ಕಲ್ಲುಗಳು ಇವತ್ತಿಗೂ ನಮ್ಮ ಬಚ್ಚಲ ಮುಂದೆ ಬಟ್ಟೆ ಒಗೆಯಲು ಇವೆ.

ಇಷ್ಟೆಲ್ಲ ಮಾಡಿದರೂ ಒಂದು ತೂತು ಉಳಿದಿತ್ತು. ಖಾಲಿ ಬರುವುದು. ಹೋಗುವಾಗ ಎಷ್ಟೇ ಜಾಣತನದಿಂದ ಓಡಿಸಿದರೂ, ಬರುವಾಗ ಖಾಲಿ ಡಬ್ಬದಂತೆ ಗಡಗಡ ಎನ್ನುತ್ತಾ ಘಾಟಿ ಹತ್ತುವಾಗ ಉಳಿಸಿದ್ದೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಗುಡಿಯಾತ್ತಂನಲ್ಲಿ ಲುಂಗಿ ನೇಯುತ್ತಾರೆ, ಬೆಂಕಿಪೊಟ್ಟಣ ಮಾಡುತ್ತಾರೆ. ಅವು ನಮ್ಮ ಕಡೆಗೆ ಬರುತ್ತವೆ ಎನ್ನುವುದು ಗೊತ್ತಿತ್ತು. ಆದರೆ ಅಲ್ಲಿನ ಗೋಡೌನುಗಳಲ್ಲಿ ಗುರುತಿಲ್ಲದ ಕನ್ನಡದವನಿಗೆ ಯಾರು ಲೋಡು ಕೊಡುತ್ತಾರೆ? ನಾಲ್ಕಾರು ಸಲ ಹೋಗಿ ಬಾಗಿಲಿನಿಂದಲೇ ವಾಪಸ್ಸು ಬಂದಿದ್ದೆ.

ಒಂದು ಸಲ ತಾತ ತಾವೇ ಬರುತ್ತೇನೆ ಎಂದರು. ಮಧ್ಯಾಹ್ನದ ಊಟದ ಹೊತ್ತು ಮುಗಿದಿತ್ತು. ಲುಂಗಿ ಮೂಟೆಗಳ ಗೋಡೌನಿನ ಮುಂದೆ ತೂಕದ ಮಿಷನ್ನಿನ ಪಕ್ಕ ಒಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಐವತ್ತೈದರ ವಯಸ್ಸಿರಬಹುದು. ಲೋಡು ಬುಕ್ ಮಾಡುವವರು ಅವರೇ. ನನ್ನ ಮುಖ ನೋಡಿದ ಕೂಡಲೇ ಲೋಡಿಲ್ಲ ಎಂದು ಕೈಯಾಡಿಸಿದರು. ತಾತ ತಮಿಳಿನಲ್ಲಿ, ನಾವು ಕೆಜಿಎಫ್‌ನವರು, ಚಾಂಪಿಯನ್ ರೀಫ್ಸ್ ಎಂದು ಹೇಳಿದರು. ಆ ಮನುಷ್ಯ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾದರು. ತಾನೂ ಅಲ್ಲಿಯವನೇ, ಅಂಡರ್‌ಗ್ರೌಂಡಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವನು, ಗಣಿ ಮುಚ್ಚಿದ ಮೇಲೆ ಹೆಂಡತಿಯ ಊರಿಗೆ ಬಂದೆ ಎಂದರು. ಯಾವ ಶಾಫ್ಟು ಎಂದು ತಾತ ಕೇಳಿದರು. ಅವರು ಹೇಳಿದರು. ತಾತ, "ಅಲ್ಲಿ ವೈಂಡಿಂಗ್‌ನಲ್ಲಿ ಇದ್ದೋನು ನಾನು" ಅಂದರು.

ಆ ಮನುಷ್ಯ ಎದ್ದು ನಿಂತರು.

ಅವರು ತಮಿಳಿನಲ್ಲಿ ಆಡಿದ ಮಾತು ನನಗೆ ಅಷ್ಟೂ ಅರ್ಥವಾಯಿತು, ನಮ್ಮ ಕಡೆಯವರಿಗೆ ಅಷ್ಟು ತಮಿಳು ಬರುತ್ತದೆ. ಅವರು ಕೇಳಿದ್ದು ಹೀಗೆ: "ಕೇಜು ನಿಲ್ಲೋವಾಗ ಹೊಟ್ಟೆ ಮೇಲಕ್ಕೆ ಬರದ ಹಾಗೆ ನಿಲ್ಲಿಸುತ್ತಿದ್ದರಲ್ಲ, ಅವರು ನೀವೇನಾ?"

ತಾತ ಬುಟ್ಟಿಯನ್ನು ಎಡಗೈಗೆ ಬದಲಿಸಿದರು. ಆ ಮನುಷ್ಯ ನನ್ನ ಕಡೆ ತಿರುಗಿ ಹೇಳತೊಡಗಿದರು. ಕೇಜಿನೊಳಗೆ ಕತ್ತಲಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿರುತ್ತಿದ್ದರಂತೆ. ಮೇಲೆ ಯಾರು ಕೂತಿದ್ದಾರೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ಹೆಸರು ಗೊತ್ತಿರಲಿಲ್ಲ, ಮುಖ ಗೊತ್ತಿರಲಿಲ್ಲ. ಆದರೆ ಕೇಜು ಹೊರಟ ಹತ್ತು ಎಣಿಸುವಷ್ಟರಲ್ಲಿ ಇವತ್ತು ಯಾರ ಕೈ ಎಂದು ಗೊತ್ತಾಗುತ್ತಿತ್ತಂತೆ. ಈ ಕೈ ಇದ್ದ ದಿನ ಆಳುಗಳು ಇಳಿಯುವಾಗ ಮಾತಾಡಿಕೊಂಡು ಇಳಿಯುತ್ತಿದ್ದರಂತೆ. ಬೇರೆ ದಿನ ಮಾತಿರುತ್ತಿರಲಿಲ್ಲ. "ಹದಿನೆಂಟು ವರ್ಷ ಇವರ ಕೈಯಲ್ಲಿ ಇಳಿದು ಹತ್ತಿದ್ದೇನೆ, ಇವತ್ತು ನೋಡುತ್ತಿದ್ದೇನೆ" ಎಂದು ಹೇಳುತ್ತಾ ತಾತನ ಬಲಗೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡರು. ಬಿಡಲೇ ಇಲ್ಲ. ತಾತ ಇನ್ನೊಂದು ಕೈಯಿಂದ ಬುಟ್ಟಿಯನ್ನು ಎಲ್ಲಿಡಬೇಕು ಎಂದು ತಿಳಿಯದೆ ತಡಕಾಡುತ್ತಿದ್ದರು. ನಾನು ಅದನ್ನು ತೆಗೆದುಕೊಂಡೆ.

ಅವತ್ತು ಲಾರಿಯ ತುಂಬ ಲುಂಗಿ ಮೂಟೆ ಹೇರಿಕೊಂಡು ಬಂದೆ. ಮುಂದೆ ವಾರಕ್ಕೊಮ್ಮೆಯಾದರೂ ಅಲ್ಲಿಂದ ಲೋಡು ಸಿಗುತ್ತಿತ್ತು. ಲುಂಗಿ ಇಲ್ಲದಿದ್ದರೆ ಪಕ್ಕದ ಗೋಡೌನಿಗೆ ಅವರೇ ಹೇಳಿ ಬೆಂಕಿಪೊಟ್ಟಣದ ಪೆಟ್ಟಿಗೆ ಹಾಕಿಸುತ್ತಿದ್ದರು. ಹೋಗಿ ಬರುವ ಎರಡು ದಾರಿಯಲ್ಲೂ ಲಾರಿ ತುಂಬಿದ ಮೇಲೆ ನನ್ನ ಬದುಕು ಒಂದು ಹದಕ್ಕೆ ಬಂತು. ಟೈರುಗಳನ್ನು ಆತುರಕ್ಕೆ ಸಿಕ್ಕ ಕಡೆ ಕೊಳ್ಳದೆ ನೋಡಿ ಕೊಳ್ಳುವಷ್ಟು ಸಮಾಧಾನ ಬಂತು. ಮುಂದಿನ ಎರಡಕ್ಕೆ ಯಾವಾಗಲೂ ಹೊಸದೇ, ಅವು ಸ್ವಲ್ಪ ಸವೆದ ಮೇಲೆ ಹಿಂದಕ್ಕೆ, ಗೆರೆ ಹೋದ ಮೇಲೆ ಊರಿಗಾಂನಲ್ಲಿ ಹೊಸ ರಬ್ಬರ್. ರಬ್ಬರ್ ಕೂರಿಸಿದ್ದನ್ನು ಮುಂದಕ್ಕೆ ಹಾಕಿದರೆ ನಾನು ನಿನ್ನ ಗಾಡಿ ಹತ್ತುವುದಿಲ್ಲ ಎಂದು ತಾತ ಹೆದರಿಸಿದ್ದರು.

ಆ ಮೊದಲ ಲುಂಗಿ ಲೋಡು ಹೇರಿಕೊಂಡು ವಾಪಸ್ಸು ಬರುವ ದಾರಿಯಲ್ಲಿ ತಾತ ಕಣ್ಣು ಮುಚ್ಚಿರಲಿಲ್ಲ. ಕಾಲೆತ್ತು ಎನ್ನಲೂ ಇಲ್ಲ. ಘಾಟಿಯ ಅರ್ಧಕ್ಕೆ ಬಂದಾಗ, "ನನ್ ಕೈನ ಯಾರೂ ನೋಡ್ತಾ ಇಲ್ಲ ಅಂದ್ಕಂಡಿದ್ದೆ ತಂಬಿ" ಎಂದಷ್ಟೇ ಅಂದರು.

ಹೀಗೆ ಆರು ವರ್ಷ ನಡೆಯಿತು. ಆಮೇಲೆ ಅವರ ಮಂಡಿ ಪೂರ್ತಿ ಕೈಕೊಟ್ಟಿತು. ಲಾರಿಯ ಮೆಟ್ಟಿಲು ಹತ್ತಲು ನಾನು ಹಿಂದಿನಿಂದ ಎತ್ತಬೇಕಾಯಿತು. ಮಗಳು ಬಂದು, ಇನ್ನು ಒಬ್ಬರೇ ಇರುವುದು ಬೇಡ ಎಂದು ಕರೆದಳು. ಸಾಮಾನು ಸಾಗಿಸಿದ್ದು ನಾನೇ. ಒಂದು ಕಬ್ಬಿಣದ ಮಂಚ, ಒಂದು ರುಬ್ಬುಗುಂಡು, ಪಾತ್ರೆ ಮೂಟೆ, ಗೋಡೆಯಲ್ಲಿದ್ದ ಎರಡು ಫೋಟೊ. ಆ ಲಾರಿ ಅಷ್ಟು ಹಗುರವಾಗಿ ಘಾಟಿ ಇಳಿದದ್ದು ಅದೊಂದೇ ಸಲ. ಆದರೂ ಮೂರನೇ ಗೇರಿನಲ್ಲೇ ಇಳಿಸಿದೆ. ಆ ದಿನ ನನ್ನ ಹೆಂಡತಿಯೂ ಬಂದಿದ್ದಳು. ಘಾಟಿ ನೋಡಿದ್ದು ಅವಳು ಮೊದಲ ಸಲ. ತಾತ ನಡುವೆ ಕೂತು ಅವಳಿಗೆ ಒಂದೊಂದು ತಿರುವನ್ನೂ ತೋರಿಸಿದರು. ನನ್ನ ಟೈರು ಒಡೆದ ಜಾಗ ಬಂದಾಗ ಮಾತ್ರ ಏನೂ ಹೇಳಲಿಲ್ಲ, ನನ್ನ ಮಾನ ಉಳಿಸಿದರು.

ಮುಂದಿನ ಎರಡು ವರ್ಷ ನಾನು ಆ ಕಡೆ ಹೋದಾಗಲೆಲ್ಲ ಅವರನ್ನು ನೋಡಿ ಬರುತ್ತಿದ್ದೆ. ಒಂದು ಸಲ ಹೋದಾಗ ಅವರು ಇರಲಿಲ್ಲ. ತೀರಿಹೋಗಿ ಹದಿನೈದು ದಿನವಾಗಿತ್ತು. ನನಗೆ ತಿಳಿಸಲು ಮಗಳ ಬಳಿ ನನ್ನ ನಂಬರು ಇರಲಿಲ್ಲ, ಅವರ ಫೋನಿನಲ್ಲಿ ನನ್ನ ಹೆಸರನ್ನು ತಂಬಿ ಎಂದು ಹಾಕಿಕೊಂಡಿದ್ದರಂತೆ. ಅವರು ಎಷ್ಟೋ ಜನರನ್ನು ತಂಬಿ ಎನ್ನುತ್ತಿದ್ದರು, ಅದು ನಾನೇ ಎಂದು ಅವಳಿಗೆ ಗೊತ್ತಾಗಿರಲಿಲ್ಲ. ಆ ಮಧ್ಯಾಹ್ನ ಅವಳು ಬಲವಂತ ಮಾಡಿ ಊಟಕ್ಕೆ ಕೂರಿಸಿದಳು. ಬಡಿಸಿದ್ದನ್ನೆಲ್ಲ ತಿಂದು ಎದ್ದೆ.

ಲಾರಿಗೂ ವಯಸ್ಸಾಯಿತು. ಈಚಿನ ನಿಯಮಗಳಲ್ಲಿ ಅದನ್ನು ಹೊರ ರಾಜ್ಯದ ರಸ್ತೆಯಲ್ಲಿ ಓಡಿಸುವುದು ವರ್ಷ ವರ್ಷಕ್ಕೂ ಕಷ್ಟವಾಗುತ್ತಾ ಬಂತು. ಈಗಿನ ಲಾರಿಗಳಲ್ಲಿ ಡ್ರೈವರಿನ ಎದುರಿಗೇ ಲೀಟರಿಗೆ ಎಷ್ಟು ಎಂದು ಅಂಕಿ ಮೂಡುತ್ತದೆ, ಟೈರಿನ ಗಾಳಿ ಕಡಿಮೆಯಾದರೆ ಕೆಂಪು ದೀಪ ಹತ್ತುತ್ತದೆಯಂತೆ. ಒಳ್ಳೆಯದೇ. ನನ್ನಂಥವನು ಎರಡು ಟೈರು ಸುಟ್ಟು ಕಲಿತದ್ದನ್ನು ಅವರು ಸುಡದೆಯೇ ಕಲಿಯಲಿ. ನಾನು ಈಗ ಒಂದು ಸಣ್ಣ ಗಾಡಿ ಇಟ್ಟುಕೊಂಡು ಸುತ್ತಮುತ್ತಲ ಹಳ್ಳಿಗಳಿಂದ ಬಂಗಾರಪೇಟೆಗೆ ತರಕಾರಿ ಸಾಗಿಸುತ್ತೇನೆ. ಸಂಜೆಗೆ ಮನೆ ಸೇರುತ್ತೇನೆ.

ಹಳೆಯ ಲಾರಿಯನ್ನು ಮಾಲೂರಿನ ಇಟ್ಟಿಗೆ ಗೂಡಿನವರು ಕೊಂಡರು. ಗೂಡಿನಿಂದ ಹತ್ತಿರದ ಊರುಗಳಿಗೆ ಇಟ್ಟಿಗೆ ಹೊಡೆಯಲು ಸಾಕು ಎಂದರು. ನಾನೇ ಓಡಿಸಿಕೊಂಡು ಹೋಗಿ ಕೊಟ್ಟೆ. ಕೀಲಿ ಕೊಡುವಾಗ ಎರಡನೇ ಗೇರು ಸ್ವಲ್ಪ ಬಿಗಿ, ಅವಸರ ಮಾಡಬೇಡಿ ಎಂದು ಹೇಳಿದೆ. ಅವರ ಡ್ರೈವರು ತಲೆಯಾಡಿಸಿದ. ಕೇಳಿಸಿಕೊಂಡನೋ ಇಲ್ಲವೋ.

ಮಾಲೂರಿನಿಂದ ಪ್ಯಾಸೆಂಜರ್ ರೈಲು ಹತ್ತಿದೆ. ಎಷ್ಟೋ ವರ್ಷಗಳ ಮೇಲೆ ಕಿಟಕಿ ಪಕ್ಕ ಕೂತು ಹೋಗುತ್ತಿದ್ದೆ. ಟೇಕಲ್ ಹತ್ತಿರ ಬಂಡೆಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಬಂಗಾರಪೇಟೆಯಲ್ಲಿ ಇಳಿದು ಪೇಟೆಯ ಕಡೆಗೆ ನಡೆದೆ. ಪಾನಿಪೂರಿ ಅಂಗಡಿಗಳ ಆ ಬೀದಿಯಲ್ಲಿ ಲಾರಿ ನಿಲ್ಲಿಸಲು ಜಾಗವಿಲ್ಲ, ಹಾಗಾಗಿ ಇಷ್ಟು ವರ್ಷ ಆ ದಾರಿಯಲ್ಲಿ ಹೋಗಿದ್ದೇ ಹೊರತು ಒಮ್ಮೆಯೂ ನಿಂತಿರಲಿಲ್ಲ. ನೀರಿನಷ್ಟೇ ತಿಳಿಯಾದ ಪಾನಿ, ಬಾಯಿಗಿಟ್ಟರೆ ಖಾರ ಕಣ್ಣಿಗೆ ಏರುತ್ತದೆ. ನಿಂತು ಒಂದು ಪ್ಲೇಟು ತಿಂದೆ. ಇನ್ನೊಂದು ಕೊಡಪ್ಪಾ ಅಂದೆ. ಅಂಗಡಿಯವನು ನನ್ನ ಮುಖ ನೋಡಿ, "ಖಾರ ಜಾಸ್ತಿ ಆಯ್ತಾ ಅಣ್ಣ? ಕಣ್ಣಲ್ಲಿ ನೀರ್ ಬತ್ತಾ ಐತೆ" ಅಂದ. ಹೌದು, ಖಾರ ಜಾಸ್ತಿ ಎಂದೆ. ಮನೆಗೆ ಒಂದು ಪಾರ್ಸಲ್ ಕಟ್ಟಿಸಿಕೊಂಡು ಕೆಜಿಎಫ್ ಬಸ್ಸು ಹಿಡಿದೆ.